ಬಿಡಕ್ಕನ ಲಾಂಡ್ರಿಯ ಬಾಗಿಲು

ನನ್ನ ಓರಗಿತ್ತಿಯನ್ನು ಹೊಗಳಿ ಬರೆಯುವ ಕಾಲ ನನಗೆ ಬರುತ್ತದೆಂದು ಮದುವೆಯಾದ ಹೊಸದರಲ್ಲಿ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಾಳೆ. ಹಟದಲ್ಲಿ ಮಾತ್ರ ನಮ್ಮ ಮನೆಯವರನ್ನೆಲ್ಲ ಒಟ್ಟಿಗೆ ತೂಗಿದರೂ ಅವಳದೇ ಒಂದು ಕೈ ಮೇಲು. ಬೀದಿಯವರು ಅವಳನ್ನು ಕರೆಯುವುದು ಬಿಡಕ್ಕ ಎಂದು. ಯಾರೇ ಬಂದು ಯಾರ ಮೇಲೆ ಚಾಡಿ ಹೇಳಲಿ, ಅವಳ ಬಾಯಿಂದ ಮೊದಲು ಬರುವ ಮಾತು ‘ಬಿಡು’. ಕೊನೆ ಮನೆಯ ಹುಡುಗಿ ಕೂದಲಿಗೆ ನೀಲಿ ಬಣ್ಣ ಹಚ್ಚಿಕೊಂಡಳೇ? ಬಿಡು, ಅವಳ ತಲೆ. ಪಕ್ಕದ ಅಂಗಡಿಯವನು ಹಗಲೆಲ್ಲ ಮಲಗಿರುತ್ತಾನೆಯೇ? ಬಿಡು, ಅವನ ಅಂಗಡಿ. ಅವಳ ಒಬ್ಬಳೇ ಮಗಳು ಕಾಲೇಜಿಗೆ ಬೆನ್ನು ತೋರಿಸಿ ಕಾರು ರಿಪೇರಿ ಗ್ಯಾರೇಜು ಸೇರಿದಾಗ ಭಾವ, ಅಂದರೆ ಅಕ್ಕನ ಗಂಡ, ಊಟ ಬಿಟ್ಟು ಮುಖ ಊದಿಸಿಕೊಂಡು ಕೂತರು. ಅಕ್ಕ ಮಗಳ ಗ್ರೀಸು ಮೆತ್ತಿದ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, “ಬಿಡ್ರೀ, ಅವಳ ಕೈ, ಅವಳ ಕೆಲಸ. ನೀವು ಊಟಕ್ಕೇಳಿ” ಎಂದಳು. ಭಾವ ಎದ್ದರು. ಅವಳ ಮುಂದೆ ಏಳದೆ ಉಳಿದವರನ್ನು ನಾನು ನೋಡಿಲ್ಲ.

ನಮ್ಮದು ಲಾಂಡ್ರಿ. ಮಾವನವರ ಕಾಲದ್ದು. ಮುಂದೆ ಕೌಂಟರು, ಗಿರಾಕಿಗಳಿಗೆ ಒಂದು ಬೆಂಚು. ಹಿಂದೆ ಬಾಯ್ಲರು, ಒಗೆಯುವ ಮಷಿನ್ನುಗಳು, ಉದ್ದನೆಯ ಇಸ್ತ್ರಿ ಮೇಜು. ಅದರ ಹಿಂದೆ ಒಣಹಾಕುವ ಅಂಗಳ, ಅಂಗಳದ ಕೊನೆಗೆ ವ್ಯಾನು ಬರುವ ಗೇಟು. ಮುಂಬಾಗಿಲು ಭಾರದ್ದು, ಮೇಲರ್ಧ ಮಸುಕು ಗಾಜು, ತಾನಾಗಿ ಮುಚ್ಚಿಕೊಳ್ಳಲು ಸ್ಪ್ರಿಂಗ್ ಉಂಟು. ಅದನ್ನು ಯಾವಾಗಲೂ ಮುಚ್ಚಿಯೇ ಇಡಬೇಕು. ತೆರೆದಿಟ್ಟರೆ ರಸ್ತೆಯ ದೂಳೆಲ್ಲ ಹೋಟೆಲಿನ ಬಿಳೀ ಬೆಡ್‌ಶೀಟಿನ ಮೇಲೆ ಬಂದು ಕೂರುತ್ತದೆ. ಬಾಗಿಲು ತೆಗೆದು ನಿಂತರೆ ಎದುರಿಗೆ ಕಾಣುವುದು ಜೈಲಿನ ಗೋಡೆ, ಬೀದಿ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ.

ಆ ಗೋಡೆಯೇ ನಮ್ಮ ಅನ್ನದಾತ. ಜೈಲಿನ ಕಂಬಳಿ ಒಗೆಯುವ ಗುತ್ತಿಗೆ ನಮ್ಮದಾಗಿತ್ತು. ನಾನು ಸೊಸೆಯಾಗಿ ಬಂದಾಗ ವ್ಯಾನಿನ ಅರ್ಧ ತುಂಬುತ್ತಿದ್ದ ಕಂಬಳಿ, ವರ್ಷ ಕಳೆದಂತೆ ವ್ಯಾನು ತುಂಬಿ, ಕೊನೆಗೆ ಒಂದು ಸಲಕ್ಕೆ ಮುಗಿಯದೆ ಎರಡೆರಡು ಸಲ ಬರತೊಡಗಿತು. ಜೈಲು ತುಂಬಿದಷ್ಟೂ ನಮ್ಮ ಹೊಟ್ಟೆ ತುಂಬುತ್ತಿತ್ತು. ನನಗೆ ಅದರಲ್ಲೇನೂ ಕೆಟ್ಟದ್ದು ಕಂಡಿರಲಿಲ್ಲ. ಯಾರೋ ತಪ್ಪು ಮಾಡುತ್ತಾರೆ, ಯಾರೋ ಹಿಡಿಯುತ್ತಾರೆ, ನಾವು ಕಂಬಳಿ ಒಗೆಯುತ್ತೇವೆ, ಅಷ್ಟೇ.

ಅಕ್ಕನಿಗೂ ಹಾಗೇ ಇತ್ತು. ಒಂದು ದಿನ ವ್ಯಾನು ಓಡಿಸುವ ನನ್ನವರಿಗೆ ಬೆನ್ನು ಹಿಡಿದುಕೊಂಡಿತು. ಬಾಡಿಗೆ ಡ್ರೈವರನ ಜೊತೆ ಕಂಬಳಿ ತರಲು ಅಕ್ಕ ತಾನೇ ಹೋದಳು. ಉಗ್ರಾಣಕ್ಕೆ ಹೋಗುವ ದಾರಿಯಲ್ಲಿ ಒಂದು ಹಾಲ್ ಸಿಗುತ್ತದಂತೆ. ನೆಲ ಕಾಣದಷ್ಟು ಜನ. ಕೆಲವರು ಮಲಗಿದ್ದರು, ಕೆಲವರು ಗೋಡೆಗೆ ಒರಗಿ ನಿಂತು ತೂಕಡಿಸುತ್ತಿದ್ದರು. ಮಲಗಿದವರು ಎದ್ದ ಮೇಲೆ ನಿಂತವರು ಮಲಗಬೇಕು, ಸರದಿ. ಅಕ್ಕ ಜೊತೆಗಿದ್ದ ವಾರ್ಡರನ್ನು ಕೇಳಿದಳು.

“ಇವರೆಲ್ಲ ಏನು ಮಾಡಿದ್ದಾರಪ್ಪಾ?”

“ಅದೂ ಇದೂ ಅಮ್ಮ. ಲೈಸೆನ್ಸ್ ಇಲ್ಲದೆ ಮಾರಿದ್ದು, ದಂಡ ಕಟ್ಟದೇ ಇದ್ದದ್ದು, ಸುಳ್ಳು ಬಸ್ ಪಾಸು.”

“ಹೊಡೆದು ಬಡಿದು ಬಂದೋರು?”

“ಅವರು ಆ ಕಡೆ ಬ್ಲಾಕಲ್ಲಿ. ಒಬ್ಬೊಬ್ಬರಿಗೆ ಒಂದೊಂದು ರೂಮು. ಒಟ್ಟಿಗೆ ಹಾಕಿದರೆ ಹೊಡೆದಾಡ್ತಾರೆ.”

“ಅಂದರೆ ಹೊಡೆದವನಿಗೆ ಕೋಣೆ, ಹೊಡೆಯದವನಿಗೆ ಗೋಡೆ” ಎಂದಳಂತೆ ಅಕ್ಕ. ವಾರ್ಡರ್ ನಕ್ಕ. ಅಕ್ಕ ನಗಲಿಲ್ಲ. ಮನೆಗೆ ಬಂದು ನಮಗೆ ಇದನ್ನು ಹೇಳಿದಾಗ ಅವಳ ಬಾಯಿಂದ ‘ಬಿಡು’ ಬರಲಿಲ್ಲ. ಹಾಗೆ ಬರದೇ ಇದ್ದದ್ದನ್ನು ನಾನು ಮೊದಲ ಸಲ ನೋಡಿದೆ.

ಅವತ್ತಿನಿಂದ ಶುರುವಾಯಿತು ಅವಳ ಉಪದೇಶ. ಕೌಂಟರಿಗೆ ಬಂದ ಗಿರಾಕಿಗಳು ಕೋಟು ಕೊಟ್ಟು ಹೋಗುವಷ್ಟರಲ್ಲಿ ಒಂದು ಭಾಷಣ ಕೇಳಿಯೇ ಹೋಗಬೇಕು. “ಯಾರ ಮೇಲೂ ಕೈ ಮಾಡದವನನ್ನ ಕೂಡಿಹಾಕಿ ಊಟ, ಕಾವಲು, ಕಂಬಳಿ ಎಲ್ಲ ನಮ್ಮ ದುಡ್ಡಲ್ಲಿ ಕೊಡೋದು ಯಾವ ಸೀಮೆ ನ್ಯಾಯ? ಬಿಟ್ಟರೆ ತಾನೇ ದುಡಿದು ತಿಂತಾನೆ. ಕೆಡಿಸಿದ್ದನ್ನ ತಾನೇ ಸರಿಮಾಡಿ ಕೊಡ್ತಾನೆ. ಸರ್ಕಾರ ಹೊಡೆಯೋರನ್ನ ಹಿಡಿದರೆ ಸಾಕು, ಮಿಕ್ಕಿದ್ದು ಜನ ಜನಾನೇ ನೋಡ್ಕೋತಾರೆ.” ಅವಳ ಈ ಮಾತನ್ನೆಲ್ಲ ನಾನು ಒಪ್ಪುವವಳಲ್ಲ. ಜನ ಜನಾನೇ ನೋಡಿಕೊಳ್ಳುವ ಹಾಗಿದ್ದರೆ ನಮ್ಮ ಬೀದಿಯ ಚರಂಡಿ ಇಷ್ಟೊತ್ತಿಗೆ ಸರಿಹೋಗಿರಬೇಕಿತ್ತು. ಇದನ್ನು ಅವಳ ಮುಖಕ್ಕೇ ಹೇಳಿದ್ದೇನೆ. “ನೀನು ಚರಂಡಿ ಬಿಟ್ಟು ಮೇಲೆ ಬಾ” ಎಂದಳು.

ಹೀಗಿರುವಾಗ ಜೈಲಿನವರೇ ಒಂದು ಯೋಜನೆ ತಂದರು. ಶಾಲೆಯ ಹಾಲಿನಲ್ಲಿ ಬೀದಿಯವರನ್ನೆಲ್ಲ ಕರೆದು ಸೂಪರಿಂಟೆಂಡೆಂಟರು ವಿವರಿಸಿದರು. ಒಳಗೆ ಜಾಗವಿಲ್ಲ. ಯಾರನ್ನೂ ಹೊಡೆದಿಲ್ಲದ, ಶಿಕ್ಷೆಯ ಬಾಲ ಮಾತ್ರ ಉಳಿದಿರುವ ಕೈದಿಗಳನ್ನು ಹೊರಗೆ ಬಿಡುತ್ತೇವೆ. ಯಾರಾದರೂ ಕೆಲಸ ಕೊಡಲು ಮುಂದೆ ಬರಬೇಕು. ಒಬ್ಬ ಅಧಿಕಾರಿ ಕೆಲಕಾಲ ಅವರ ಮೇಲೆ ನಿಗಾ ಇಡುತ್ತಾರೆ, ಸರಿಕಂಡರೆ ಪೂರ್ತಿ ಬಿಡುಗಡೆ.

ಹಾಲಿನಲ್ಲಿ ಗುಸುಗುಸು ಶುರುವಾಯಿತು. ಮೂಲೆಯ ಔಷಧಿ ಅಂಗಡಿಯವರು ಎದ್ದು ನಿಂತರು. ಒಳ್ಳೆಯ ಮನುಷ್ಯರೇ, ಆದರೆ ಹೆದರಿಕೆ ಜಾಸ್ತಿ. “ನಮ್ಮ ಬೀದೀಲೇ ಯಾಕೆ ಬಿಡಬೇಕು? ಹೆಂಗಸರು ಮಕ್ಕಳು ಓಡಾಡೋ ಜಾಗ” ಎಂದರು. ಎಲ್ಲರೂ ತಲೆಯಾಡಿಸಿದರು. ಆಗ ಅಕ್ಕ ಎದ್ದಳು. ಎದ್ದರೂ ಕೂತ ಹಾಗೇ ಕಾಣುತ್ತಾಳಾದ್ದರಿಂದ ಕುರ್ಚಿಯ ಅಡ್ಡಪಟ್ಟಿಯ ಮೇಲೆ ಒಂದು ಕಾಲಿಟ್ಟುಕೊಂಡಳು.

“ಇವತ್ತಲ್ಲ ನಾಳೆ ಅವರು ಹೊರಗೆ ಬರೋರೇ ತಾನೇ? ನಿಂತು ನಿದ್ದೆ ಮಾಡೋದು ಕಲಿತು ಬರಲೋ, ಒಂದು ಕೆಲಸ ಕಲಿತು ಬರಲೋ? ಯಾವುದು ಬೇಕು ನಿಮಗೆ?”

ಔಷಧಿ ಅಂಗಡಿಯವರು ಬಿಡಲಿಲ್ಲ. “ಅಮ್ಮಾ, ಜೈಲಿನ ಕಂಬಳಿ ಒಗೆದು ಬದುಕೋರು ನೀವು. ಅವರನ್ನೆಲ್ಲ ಬಿಟ್ಟರೆ ಮೊದಲು ಪೆಟ್ಟು ಬೀಳೋದು ನಿಮ್ಮ ಹೊಟ್ಟೆಗೇ. ಅದಾದರೂ ಗೊತ್ತಿದೆಯಾ?”

“ಗೊತ್ತಿದೆ. ಜನ ಒಳಗಿದ್ದರೇ ನಮಗೆ ಕೆಲಸ ಅನ್ನೋದಾದರೆ ಅಂಥ ಕೆಲಸ ಇದ್ದರೇನು, ಹೋದರೇನು? ಊರಲ್ಲಿ ಕೊಳೆ ಬಟ್ಟೆಗೇನೂ ಬರ ಇಲ್ಲ ಸ್ವಾಮಿ.”

“ಹಾಗಿದ್ದರೆ ಮೊದಲು ನೀವೇ ಒಬ್ಬನನ್ನ ಇಟ್ಕೊಂಡು ತೋರಿಸಿ.”

“ಇಟ್ಕೋತೀನಿ” ಎಂದು ಅಕ್ಕ ಕಾಲು ಕೆಳಗಿಳಿಸಿ ಕೂತಳು. ನನ್ನ ಪಕ್ಕದಲ್ಲಿ ಭಾವ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಮನೆಗೆ ನಡೆಯುವಾಗ ದಾರಿಯುದ್ದಕ್ಕೂ, “ಕಳ್ಳನ ಕೈಗೆ ಬೀಗದಕೈ ಕೊಡ್ತಾಳೆ ಇವಳು, ನೋಡ್ತಾ ಇರು” ಎಂದು ನನಗೆ ಹೇಳುತ್ತಲೇ ಬಂದರು, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ವಾರದೊಳಗೆ ನಿಗಾ ಅಧಿಕಾರಿ ಬಂದರು. ಮಧ್ಯವಯಸ್ಸಿನ ಹೆಂಗಸು, ಹೆಗಲಲ್ಲಿ ದೊಡ್ಡ ಚೀಲ, ಮೆತ್ತಗಿನ ಮಾತು. ನಾವು ಅವರನ್ನು ನಿಗಾ ಮೇಡಂ ಎಂದೇ ಕರೆದೆವು. ಬಿಡುಗಡೆಯಾದವರಿಗೆ ಕೆಲಸ ಕೊಡುವ ಮಾಲೀಕರಿಗೆ ಸರ್ಕಾರದಿಂದ ಸಹಾಯಧನ ಉಂಟು, ಇಲ್ಲೊಂದು ಸಹಿ ಮಾಡಿ, ದಿನಾ ಅವನು ಬಂದದ್ದು ಹೋದದ್ದು ಬರೆದಿಡಿ ಎಂದರು. ಆ ಹಣದಲ್ಲಿ ಬಟ್ಟೆ ಒಣಗಿಸುವ ಹೊಸ ಡ್ರೈಯರು ಬಂತೆಂದೇ ನಾನು ಮನಸ್ಸಿನಲ್ಲಿ ಜಾಗವನ್ನೂ ಗುರುತು ಮಾಡಿಬಿಟ್ಟಿದ್ದೆ. ಅಕ್ಕ ಪೆನ್ನನ್ನು ಮುಟ್ಟಲಿಲ್ಲ.

“ಮೇಡಂ, ಅವನು ಕೆಲಸ ಮಾಡಿದರೆ ನಾನು ಸಂಬಳ ಕೊಡ್ತೀನಿ. ಮಾಡದಿದ್ದರೆ ಕೊಡೋದಿಲ್ಲ. ನಡುವೆ ಸರ್ಕಾರ ಯಾಕೆ? ಬಂದದ್ದು ಹೋದದ್ದು ಬರೆಯೋಕೆ ನಾನೇನು ಜೈಲರಾ?”

ನಿಗಾ ಮೇಡಂ ನಕ್ಕು ಕಾಗದವನ್ನು ಚೀಲಕ್ಕೆ ಹಾಕಿಕೊಂಡರು. ನನ್ನ ಡ್ರೈಯರೂ ಅದರ ಜೊತೆಗೇ ಚೀಲದೊಳಗೆ ಹೋಯಿತು. ಅವತ್ತು ಇಡೀ ದಿನ ನಾನು ಅಕ್ಕನ ಜೊತೆ ಮಾತಾಡಲಿಲ್ಲ.

ಬಂದವನು ಸೀಲಿನವನು. ಹಿಂದೆ ರಬ್ಬರ್ ಸ್ಟಾಂಪು ಮಾಡುವ ಅಂಗಡಿ ಇಟ್ಟಿದ್ದ. ಕಚೇರಿಗಳಲ್ಲಿ ಅಲೆದಲೆದು ಸುಸ್ತಾದವರಿಗೆ ಕಚೇರಿಯ ಸೀಲನ್ನು ತಾನೇ ಕೊರೆದು ಒತ್ತಿಕೊಟ್ಟು ಸಿಕ್ಕಿಬಿದ್ದ. ವರ್ಷಗಟ್ಟಲೆ ಒಳಗಿದ್ದು ತೆಳ್ಳಗೆ, ಬೆಳ್ಳಗೆ ಆಗಿದ್ದ. ಅವನ ಹೆಂಡತಿ ಪಕ್ಕದ ಊರಿನ ಶಾಲೆಯೊಂದರ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದಳು. ಪೂರ್ತಿ ಬಿಡುಗಡೆ ಆಗುವವರೆಗೆ ಅವನು ಈ ಊರು ದಾಟುವಂತಿಲ್ಲ. ಅವಳು ರಜೆಯ ದಿನ ಬಂದು ನಮ್ಮ ಬೆಂಚಿನ ಮೇಲೆ ಅವನ ಪಕ್ಕ ಕೂತು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಅವಳು ಹೋದ ಮೇಲೆ ಅವನು ಅದೇ ಬೆಂಚನ್ನು ಒರೆಸುತ್ತಾ ಇರುತ್ತಿದ್ದ.

ಅವನ ಮೊದಲ ಬೆಳಗ್ಗೆ ನೆನಪಿದೆ. ಗಾಜಿನ ಮೇಲೆ ಒಂದು ನೆರಳು ಬಂದು ನಿಂತಿತು. ನಿಂತೇ ಇತ್ತು. ಗಿರಾಕಿಯಾದರೆ ತಳ್ಳಿಕೊಂಡು ಬರಬೇಕಿತ್ತು, ಭಿಕ್ಷೆಯವನಾದರೆ ಕೂಗಬೇಕಿತ್ತು. ಇದು ಎರಡೂ ಮಾಡದು. ನಾನು ಕೌಂಟರು ದಾಟಿ ಹೋಗುತ್ತಿದ್ದೆ, ಅಕ್ಕ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

“ಸೀಲಿನವನು. ಬಾಗಿಲ ಮುಂದೆ ನಿಂತಿದ್ದಾನೆ.”

“ಅದಕ್ಕೇ ತೆಗೀತೀನಿ ಬಿಡಕ್ಕ.”

“ಬೇಡ. ಒಳಗೆ ಇದ್ದಷ್ಟು ವರ್ಷವೂ ಬಾಗಿಲು ತೆಗೆದದ್ದು ಬೇರೆಯವರು, ಹಾಕಿದ್ದು ಬೇರೆಯವರು. ಅದಕ್ಕೇ ಕೈ ಮರೆತಿದೆ. ನಾವೂ ತೆಗೆದರೆ ನಾವು ಇನ್ನಿಬ್ಬರು ವಾರ್ಡರು, ಅಷ್ಟೇ. ಅವನನ್ನ ಅವನ ಪಾಡಿಗೆ ಬಿಡು.”

ಕೊನೆಗೆ ಯಾರೋ ಗಿರಾಕಿ ಬಂದರು. ಅವರ ಬೆನ್ನಿಗೆ ಅಂಟಿಕೊಂಡ ಹಾಗೆ ಅವನೂ ಒಳಗೆ ಬಂದ. ಅಕ್ಕ ಏನೂ ಆಗದವಳಂತೆ, “ಬಾರಪ್ಪ, ಶೀಟಿನ ಆ ತುದಿ ಹಿಡಿ” ಎಂದಳು.

ಕೆಲಸದಲ್ಲಿ ಅವನು ಚಿನ್ನ. ಬೆಡ್‌ಶೀಟು ಮಡಚಲು ಇಬ್ಬರು ಬೇಕು, ಒಬ್ಬರ ಮನಸ್ಸು ಇನ್ನೊಬ್ಬರಿಗೆ ಗೊತ್ತಾಗಬೇಕು. ಅಕ್ಕನ ಜೊತೆ ಅವನು ಮಡಚಲು ನಿಂತರೆ ಮೂಲೆಗೆ ಮೂಲೆ ಕೂಡಿ ಒಂದು ಸುಕ್ಕೂ ಇರುತ್ತಿರಲಿಲ್ಲ. ಅಂಗಳದಲ್ಲಿ ಬಟ್ಟೆ ಹರವುವಾಗ ಸಣ್ಣಗೆ ಸಿಳ್ಳೆ ಹಾಕುವುದನ್ನೂ ಶುರುಮಾಡಿದ. ಬಾಗಿಲೊಂದು ಬಿಟ್ಟು ಎಲ್ಲವೂ ಸರಿಹೋಯಿತು. ಬಾಗಿಲಿನ ಮುಂದೆ ಬಂದರೆ ಮಾತ್ರ ಅವನ ಕೈ ಎರಡೂ ಪಕ್ಕಕ್ಕೆ ಇಳಿದುಬಿಡುತ್ತಿದ್ದವು.

ಆದರೂ ಎರಡನೆಯ ವಾರದಿಂದ ಅವನು ಬೀದಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ತಪ್ಪಿತು. ಅಕ್ಕ ತನ್ನ ಮಾತೇ ಗೆದ್ದಿತೆಂದು ಬೀಗಿದಳು. ನಿಜ ನನಗೆ ಗೊತ್ತಾದದ್ದು ಕೌಂಟರಿನಲ್ಲಿ ಕೂತಿರುವವಳು ನಾನಾದ್ದರಿಂದ. ಬೆಳಗ್ಗೆ ಗಾಜಿನ ಮೇಲೆ ಆ ನೆರಳು ಬಿದ್ದ ತಕ್ಷಣ ಭಾವನಿಗೆ ಏನಾದರೊಂದು ಜ್ಞಾಪಕ ಬರುತ್ತಿತ್ತು. ಒಂದು ದಿನ ಮೋಡ ನೋಡಬೇಕು. ಒಂದು ದಿನ ಬೋರ್ಡಿನ ದೂಳು ಹೊಡೆಯಬೇಕು. ಒಂದು ದಿನ, “ಪೇಪರಿನವನು ಯಾಕೆ ಬಂದಿಲ್ಲ?” ಪೇಪರು ಅವರ ಕಂಕುಳಲ್ಲೇ ಇತ್ತು. ಬಾಗಿಲು ತೆಗೆದು, ತೆರೆದೇ ಹಿಡಿದು, ಆಕಾಶ ನೋಡುತ್ತಾ ನಿಲ್ಲುತ್ತಿದ್ದರು. ಸೀಲಿನವನು ಅವರ ಪಕ್ಕದಿಂದ ಒಳಗೆ ಬರುತ್ತಿದ್ದ. ಕಳ್ಳ, ಬೀಗದಕೈ ಎಂದು ಬೀದಿಯುದ್ದಕ್ಕೂ ಕೂಗಿಕೊಂಡು ಬಂದವರು ಇವರೇ. ನಾನು ಅವರನ್ನು ದಿಟ್ಟಿಸಿದರೆ, “ಏನು ನೋಡ್ತೀಯಾ? ಮೋಡ ನೋಡೋದೂ ತಪ್ಪಾ?” ಎಂದು ನನ್ನ ಮೇಲೇ ಹರಿಹಾಯುತ್ತಿದ್ದರು. ಅಕ್ಕನಿಗೆ ನಾನು ಹೇಳಲಿಲ್ಲ. ಅವಳ ತತ್ವಕ್ಕಿಂತ ಇವರ ಮೋಡ ನನಗೆ ಹಿಡಿಸಿತ್ತು.

ಯೋಜನೆ ನಡೆದ ಹಾಗೆ ಜೈಲು ಹಗುರಾಯಿತು, ನಮ್ಮ ವ್ಯಾನೂ ಹಗುರಾಯಿತು. ಎರಡು ಸಲ ಬರುತ್ತಿದ್ದ ಕಂಬಳಿ ಮತ್ತೆ ಅರ್ಧ ವ್ಯಾನಿಗೆ ಇಳಿಯಿತು. ಭಾವ ಮುಖ ಸಣ್ಣದು ಮಾಡಿಕೊಂಡರು. ಅಕ್ಕ ಊರಿನ ಹೋಟೆಲುಗಳ ಹಿಂಬಾಗಿಲು ತಟ್ಟಿ ಟೇಬಲ್‌ಕ್ಲಾತಿನ ಕೆಲಸ ಹಿಡಿದು ತಂದಳು. ಬಿಸಿಲಲ್ಲಿ ಅಲೆದು ಕಾಲು ಊದಿಸಿಕೊಂಡು ಬಂದು ಬೆಂಚಿನ ಮೇಲೆ ಕೂತವಳು, ಕಂಬಳಿಯ ಚಿಕ್ಕ ಮೂಟೆ ನೋಡಿ, “ನೋಡೇ, ಈಗ ಅಲ್ಲಿ ಎಲ್ಲರೂ ಮಲಗಿ ನಿದ್ದೆ ಮಾಡ್ತಿರಬೇಕು” ಎಂದಳು. ಅವತ್ತು ಡ್ರೈಯರಿನ ಕೋಪ ನನ್ನಿಂದ ಪೂರ್ತಿ ಹೋಯಿತು.

ನಿಗಾ ಮುಗಿಯುವ ಕಾಲ ಬಂತು. ಅಷ್ಟರಲ್ಲಿ ಔಷಧಿ ಅಂಗಡಿಯವರು ನಿಗಾ ಮೇಡಂ ಕಿವಿಗೆ ಒಂದು ಮಾತು ಹಾಕಿದ್ದರು, ಚಾಡಿಯಲ್ಲ, ನಿಜವಾದ ಮರುಕದಿಂದಲೇ: ಪಾಪ, ಆ ಮನುಷ್ಯ ಬಾಗಿಲು ಕಂಡರೆ ಕಂಬದ ಹಾಗೆ ನಿಲ್ಲುತ್ತಾನೆ, ಯಜಮಾನರು ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಗಾ ಮೇಡಂ ಬಂದು ಅಕ್ಕನಿಗೆ ಹೇಳಿದರು. ಇಂಥವರಿಗಾಗಿ ಊರಾಚೆ ಒಂದು ಕೇಂದ್ರ ಇದೆ. ಹೊರಗೆ ಬದುಕುವುದನ್ನು ನಿಧಾನವಾಗಿ ಕಲಿಸುತ್ತಾರೆ. ಒಂದು ವರ್ಷ ಅಲ್ಲಿರಲಿ, ಅವನ ಒಳ್ಳೆಯದಕ್ಕೇ.

“ಆ ಕೇಂದ್ರಕ್ಕೆ ಗೇಟು ಇದೆಯಾ?” ಎಂದಳು ಅಕ್ಕ.

“ಗೇಟು ಇದ್ದೇ ಇರುತ್ತೆ.”

“ಅದನ್ನ ತೆಗೆಯೋದು ಯಾರು?”

ನಿಗಾ ಮೇಡಂ ಚೀಲದ ಪಟ್ಟಿ ಸರಿಮಾಡಿಕೊಂಡರು. ಅವರೇನು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅಕ್ಕನಿಗೆ ಜಗಳ ಸುಲಭವಾಗುತ್ತಿತ್ತು. ಅವರು ಹೋದ ಮೇಲೆ ಅಕ್ಕ ಭಾವನ ಕಡೆ ತಿರುಗಿ, “ಯಜಮಾನರು ತೆಗೆದರೆ ಉಂಟಂತೆ” ಎಂದಳು. ಭಾವ ಮೋಡ ನೋಡಲು ಹೊರಗೆ ಹೋದರು.

ಸೀಲಿನವನಿಗೆ ವಿಷಯ ತಿಳಿಯಿತು. ಅವನು ಶೀಟು ಮಡಚುತ್ತಾ, “ಇನ್ನೊಂದು ವರ್ಷ ಅವಳು ಬಸ್ಸಿಗೆ ಓಡಾಡಬೇಕಲ್ಲಕ್ಕಾ” ಎಂದ, ಅಷ್ಟೇ. ಅವತ್ತು ಅವರಿಬ್ಬರೂ ಮಡಚಿದ ಶೀಟುಗಳಲ್ಲಿ ಮೂಲೆಗಳು ಕೂಡಲಿಲ್ಲ.

ಕೊನೆಯ ತನಿಖೆಗೆ ನಿಗಾ ಮೇಡಂ ಹೇಳದೆ ಕೇಳದೆ ಬೆಳಗ್ಗೆಯೇ ಬಂದರು. ಭಾವ ಲಾಂಡ್ರಿಯಲ್ಲಿರಲಿಲ್ಲ. ಕೊಳೆತ ದವಡೆ ಹಲ್ಲು ಕೀಳಿಸಿಕೊಳ್ಳಲು ಡಾಕ್ಟರ ಹತ್ತಿರ ಹೋಗಿದ್ದರು. ಮೇಡಂ ಬೆಂಚಿನ ಮೇಲೆ ಕೂತು ನಾನು ಕೊಟ್ಟ ಚಹಾ ಕುಡಿಯುತ್ತಿದ್ದಾಗಲೇ ಗಾಜಿನ ಮೇಲೆ ನೆರಳು ಬಿತ್ತು. ನಾನು ಏಳುವಷ್ಟರಲ್ಲಿ ಮೇಡಂ ಕೈ ಅಡ್ಡ ಹಿಡಿದರು.

“ಬೇಡಮ್ಮ. ಇವತ್ತು ಯಾರೂ ತೆಗೀಬೇಡಿ. ಅವನೇ ತೆಗೆದು ಬಂದರೆ ಈಗಲೇ ಬರೆದುಕೊಡ್ತೀನಿ, ಹೆಂಡತಿ ಹತ್ತಿರ ಹೋಗಲಿ. ಬರದಿದ್ದರೆ ಕೇಂದ್ರಕ್ಕೆ ಕಳಿಸಬೇಕಾಗುತ್ತೆ.” ಆಮೇಲೆ ಅಕ್ಕನ ಕಡೆ ನೋಡಿ, “ಅವನನ್ನ ಅವನ ಪಾಡಿಗೆ ಬಿಡಿ ಅಂತ ನೀವೇ ಹೇಳ್ತಿದ್ದಿರಲ್ಲ” ಎಂದರು.

ಅಕ್ಕನದೇ ಮಾತು ಅಕ್ಕನಿಗೇ ತಿರುಗಿತ್ತು. ನಾವು ಮೂವರೂ ಗಾಜನ್ನೇ ನೋಡುತ್ತಾ ಕೂತೆವು. ನೆರಳು ಅಲುಗಲಿಲ್ಲ. ಒಂದು ಸಲ ಅದರ ಕೈ ಸ್ವಲ್ಪ ಮೇಲೆದ್ದ ಹಾಗಾಯಿತು, ಮತ್ತೆ ಇಳಿಯಿತು. ಹಿಂದೆ ಮಷಿನ್ನು ನೀರು ಚೆಲ್ಲುವ ಸದ್ದು. ನಾನು ಮನಸ್ಸಿನಲ್ಲೇ ತಳ್ಳು, ತಳ್ಳು ಎನ್ನುತ್ತಿದ್ದೆ. ಬೀದಿಯಲ್ಲಿ ಅವತ್ತು ಒಬ್ಬ ಗಿರಾಕಿಯೂ ಇಲ್ಲ. ಮೇಡಂ ಲೋಟ ಕೆಳಗಿಟ್ಟು ಪೆನ್ನಿಗಾಗಿ ಚೀಲ ತಡಕಿದರು.

ಅಕ್ಕ ಎದ್ದಳು. “ಹಿಂದೆ ಮಷಿನ್ನು ನೋಡಿ ಬರ್ತೀನಿ” ಎಂದು ಒಳಗೆ ನಡೆದಳು. ಮಷಿನ್ನು ನೋಡುವ ಹೊತ್ತೇ ಇದು ಎಂದು ನನಗೆ ಸಿಟ್ಟು ನೆತ್ತಿಗೇರಿತು. ಅಂಗಳದ ಗೇಟು ಕಿರ್ರೆಂದಿತು. ಸ್ವಲ್ಪ ಹೊತ್ತಿಗೆ ಗಾಜಿನ ಮೇಲೆ ಆ ನೆರಳಿನ ಪಕ್ಕ ಇನ್ನೊಂದು ನೆರಳು ಬಂತು, ಕುಳ್ಳಗೆ, ಅಡ್ಡಡ್ಡಕ್ಕೆ, ತಲೆಗಿಂತ ದೊಡ್ಡ ಗಂಟು ಹೊತ್ತುಕೊಂಡು. ಏದುಸಿರಿನ ನಡುವೆ ಅಕ್ಕನ ದನಿ ಕೇಳಿಸಿತು.

“ಸ್ವಲ್ಪ ಬಾಗಿಲು ತೆಗಿಯಪ್ಪ, ನನ್ನ ಎರಡು ಕೈಯೂ ತುಂಬಿದೆ.”

ನಾವು ಕಾದೆವು. ಹಿಡಿ ತಿರುಗಿತು. ಬಾಗಿಲು ಒಳಕ್ಕೆ ಬಂತು. ಭಾರಕ್ಕೆ ವಾಲಾಡುತ್ತಾ ಅಕ್ಕ ಒಳಗೆ ಬಂದು ಗಂಟನ್ನು ನನ್ನ ಕೌಂಟರಿನ ಮೇಲೆ ಧೊಪ್ಪನೆ ಹಾಕಿದಳು. ಜೈಲಿನಿಂದ ಆ ವಾರ ಬಂದ ಮೂಟೆ ಚಿಕ್ಕದು, ಒಂದೇ ಕೈಗೆ ಸಾಕು. ಅದನ್ನು ದೊಡ್ಡದು ಮಾಡಲು ಅವಳು ಒಗೆದು ಇಸ್ತ್ರಿ ಮಾಡಿಟ್ಟಿದ್ದ ಹೋಟೆಲಿನ ಶೀಟುಗಳನ್ನೆಲ್ಲ ಅದರೊಳಗೆ ತುರುಕಿದ್ದಳು. ಒಗೆದ ಶೀಟು, ಒಗೆಯದ ಕಂಬಳಿ, ಒಂದೇ ಗಂಟಿನಲ್ಲಿ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಬೇರೆ ಯಾರಾದರೂ ಮಾಡಿದ್ದರೆ ಅವಳೇ ಅವರನ್ನು ಅಂಗಳ ದಾಟಿಸುತ್ತಿದ್ದಳು.

“ಹೇಳಿ ತೆಗೆಸಿದಿರಿ” ಎಂದರು ನಿಗಾ ಮೇಡಂ.

“ಹೇಳಲಿಲ್ಲ ಮೇಡಂ, ಕೇಳಿದೆ. ಕೈ ತುಂಬಿದ್ದರೆ ನಿಮ್ಮನ್ನೂ ಕೇಳ್ತಿದ್ದೆ. ಇಷ್ಟು ದಿನ ಅವನಿಗೆ ಬಾಗಿಲು ತೆಗೀಬೇಕೋ ಬೇಡವೋ ಅಂತ ನಾವೇ ಜಗಳ ಆಡ್ತಿದ್ದೆವು. ನಮಗೆ ಸ್ವಲ್ಪ ತೆಗಿಯಪ್ಪ ಅಂತ ಅವನನ್ನ ಒಬ್ಬರೂ ಕೇಳಿರಲಿಲ್ಲ.”

ಮೇಡಂ ಗಲ್ಲವೆತ್ತಿ ಬಾಗಿಲ ಕಡೆ ತೋರಿಸಿದರು. ಸೀಲಿನವನು ಇನ್ನೂ ಹೊರಗೇ ಇದ್ದ. ಬಾಗಿಲನ್ನು ತೆರೆದೇ ಹಿಡಿದುಕೊಂಡು ಹೊಸ್ತಿಲಾಚೆ ನಿಂತಿದ್ದ. ದೂಳು ಒಳಗೆ ಬರುತ್ತಿತ್ತು. ನಾನು ಅಕ್ಕನ ಮುಖ ನೋಡಿದೆ. ಕರೆಯಬೇಡ ಎಂದು ಅವಳು ಕಣ್ಣಲ್ಲೇ ಹೇಳಿದಳು.

ಟೇಬಲ್‌ಕ್ಲಾತು ತಂದ ಹೆಂಗಸೊಬ್ಬಳು ಬಂದಳು. ಅವನು ಬಾಗಿಲನ್ನು ಇನ್ನಷ್ಟು ಅಗಲ ಮಾಡಿದ. ಅವಳು ಒಳಗೆ ಬಂದು, ಬಟ್ಟೆ ಕೊಟ್ಟು ಹೋಗುವಾಗಲೂ ಹಿಡಿದೇ ಇದ್ದ. ಅವಳು ಅವನ ಮುಖ ನೋಡಿ, “ಉಪಕಾರವಾಯ್ತು” ಎಂದಳು. ಅವನು ತಲೆ ಬಗ್ಗಿಸಿದ. ಅದಾದ ಮೇಲೆ ಬಂದವರು ನಮ್ಮ ಭಾವ, ಒಂದು ಕೆನ್ನೆ ಊದಿ, ಬಾಯಿ ತುಂಬ ಹತ್ತಿ. ಅಭ್ಯಾಸಬಲದಿಂದ ಹಿಡಿಗೆ ಕೈ ಚಾಚಿದರು. ಅಲ್ಲಿ ಸೀಲಿನವನ ಕೈ ಇತ್ತು. ಭಾವ ಅವನ ಕೈಯನ್ನು, ಅವನ ಮುಖವನ್ನು, ಒಳಗೆ ಕೂತ ನಮ್ಮನ್ನು ನೋಡಿದರು. ಏನೋ ಹೇಳಹೋದರು, ಹತ್ತಿ ಬಿಡಲಿಲ್ಲ. ಅವನ ಪಕ್ಕದಿಂದ ಒಳಗೆ ಬಂದು ನನ್ನ ಹಿಂದೆ ನಿಂತು ಕಣ್ಣೊರೆಸಿಕೊಂಡರು. ಹಲ್ಲಿನ ನೋವು ಎಂದು ಸನ್ನೆ ಮಾಡಿದರು.

ಈಗ ಬೀದಿಯಲ್ಲಿ ಬರುವವರು ಯಾರೂ ಇರಲಿಲ್ಲ. ಸೀಲಿನವನು ಆ ಕಡೆ ನೋಡಿದ, ಈ ಕಡೆ ನೋಡಿದ, ಆಮೇಲೆ ತನ್ನ ಕೈಯಲ್ಲಿದ್ದ ಬಾಗಿಲನ್ನು ನೋಡಿದ. ಹೊಸ್ತಿಲು ದಾಟಿ ಒಳಗೆ ಬಂದ. ಕೈ ಬಿಟ್ಟರೆ ಸ್ಪ್ರಿಂಗು ಎಳೆದು ಬಾಗಿಲು ಬಡಿಯುತ್ತಿತ್ತು. ಅವನು ಬಿಡಲಿಲ್ಲ. ಅಂಗೈ ಕೊಟ್ಟು ತಡೆದು, ಸದ್ದಾಗದಂತೆ ತಾನೇ ಮುಚ್ಚಿದ.

ನಿಗಾ ಮೇಡಂ ಬರೆಯಬೇಕಾದ್ದನ್ನು ಬರೆದರು. ಸಹಿ ಹಾಕಿದ ಕಾಗದವನ್ನು ಅಕ್ಕನ ಕೈಗೆ ಕೊಡದೆ ಅವನ ಕೈಗೇ ಕೊಟ್ಟು, “ನಾಳೆಯ ಬಸ್ಸಿಗೆ ಹೋಗಬಹುದು” ಎಂದರು. ಅವನು ಅದನ್ನು ಓದದೆ ಅಂಗಿಯ ಜೇಬಿಗೆ ಇಟ್ಟುಕೊಂಡ. ಮೇಡಂ ಚೀಲವನ್ನು ಹೆಗಲಿಗೇರಿಸಿ ಬಾಗಿಲ ಕಡೆ ನಡೆದರು. ಅವರ ಕೈ ಖಾಲಿಯೇ ಇತ್ತು, ಅವರು ಏನೂ ಕೇಳಲಿಲ್ಲ. ಆದರೂ ಸೀಲಿನವನು ಎರಡು ಹೆಜ್ಜೆ ಮುಂದೆ ಹೋಗಿ ಹಿಡಿ ತಿರುಗಿಸಿ ಬಾಗಿಲು ತೆಗೆದ. ಅವರು ಹೊರಗೆ ಹೋದರು. ಅವನು ಒಳಗೆ ನಿಂತು, ಅವರ ಹಿಂದೆ ಬಾಗಿಲು ಹಾಕಿದ.

ಜೈಲಿನವರು ಆಚೆ, ಜೈಲಿನಿಂದ ಬಂದವನು ಈಚೆ, ಬಾಗಿಲು ಹಾಕಿದವನು ಅವನು. ಬಿಡಕ್ಕ ಒಗೆಯದ ಕಂಬಳಿಯನ್ನೇ ಮುಖಕ್ಕೆ ಒತ್ತಿಕೊಂಡು, ನಮ್ಮೆಲ್ಲರ ಮುಂದೆ, ಚಿಕ್ಕ ಮಗುವಿನ ಹಾಗೆ ಅತ್ತಳು.